ವ್ಯಾಪಾರಿಯ ನಿವೃತ್ತಿ: ಆರಂಭತ್ಯಾಗದಿಂದ ಅನುಮತಿತ್ಯಾಗದವರೆಗೆ

ಸರಕಾರಿ ನೌಕರನಿಗೆ ನಿವೃತ್ತಿಯ ದಿನ ನಿಶ್ಚಿತವಾಗಿರುತ್ತದೆ. ಕರ್ನಾಟಕದಲ್ಲಿ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಆತನು ಹಾರ, ಶಾಲು, ಫಲಪುಷ್ಪಗಳೊಡನೆ ಮನೆಗೆ ಮರಳುತ್ತಾನೆ. ವ್ಯಾಪಾರಿಗೆ ಅಂತಹ ದಿನವಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪೇಟೆಗಳಲ್ಲಿ ನಮ್ಮ ಅನೇಕ ಹಿರಿಯರು ಕಣ್ಣು ಮಂಜಾಗಿ ಅಂಕಿ ಕಾಣದಾಗುವವರೆಗೆ, ಕೈ ನಡುಗಿ ನೋಟು ಎಣಿಸಲಾಗದಾಗುವವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತದ್ದನ್ನು ಕಂಡಿದ್ದೇನೆ. ಮಗನಿಗೆ ಐವತ್ತು ದಾಟಿದರೂ ಆಳುಕಾಳುಗಳ ಬಾಯಲ್ಲಿ ಅವನು ‘ಸಣ್ಣ ಧಣಿ’ಯೇ.

ಇದಕ್ಕೆ ಚಾರಿತ್ರಿಕ ಕಾರಣವೂ ಇದೆ. ತುಳುನಾಡಿನ ಅನೇಕ ಜೈನ ಕುಟುಂಬಗಳು ಅಳಿಯಸಂತಾನ ಪದ್ಧತಿಯವು. ಅಲ್ಲಿ ಯಜಮಾನಿಕೆಯು ಹಿರಿತನದಿಂದ ಬರುವಂಥದು, ಸಾಮಾನ್ಯವಾಗಿ ಬದುಕಿರುವವರೆಗೆ ಉಳಿಯುವಂಥದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ನಮಗೂ ಅನ್ವಯವಾಯಿತು; 1974ರಲ್ಲಿ ಭೂಸುಧಾರಣೆ ಬಂದು ಗೇಣಿಯ ಭೂಮಿ ಕೈಬಿಟ್ಟಿತು. ಆದರೆ ಯಜಮಾನಿಕೆಯ ಮನೋಭಾವ ಮಾತ್ರ ಗದ್ದೆಯಿಂದ ಅಂಗಡಿಗೆ ಬಂದು ಕುಳಿತಿತು.

ಬಿಡುವುದನ್ನು ಕಲಿಸಲು ನಮ್ಮ ಧರ್ಮದಲ್ಲಿ ದಾರಿಯಿಲ್ಲವೆ? ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳು, ಎಂದರೆ ಮೆಟ್ಟಿಲುಗಳು, ಹೇಳಲ್ಪಟ್ಟಿವೆ. ಅವುಗಳಲ್ಲಿ ಎಂಟನೆಯದು ಆರಂಭತ್ಯಾಗ: ಸೇವೆ, ಕೃಷಿ, ವಾಣಿಜ್ಯ ಮೊದಲಾದ ಹಿಂಸೆಗೆ ಕಾರಣವಾಗುವ ಉದ್ಯೋಗಗಳನ್ನು ನಿಲ್ಲಿಸುವುದು. ಒಂಬತ್ತನೆಯದು ಪರಿಗ್ರಹತ್ಯಾಗ: ಸಂಪತ್ತಿನ ಮೇಲಿನ ಮಮಕಾರವನ್ನು ಬಿಡುವುದು. ಹತ್ತನೆಯದು ಅನುಮತಿತ್ಯಾಗ: ಲೌಕಿಕ ಕಾರ್ಯಗಳಿಗೆ ಒಪ್ಪಿಗೆ ಕೊಡುವುದನ್ನೂ ಬಿಡುವುದು. ಈ ಪ್ರತಿಮೆಗಳು ಗುರುಸನ್ನಿಧಿಯಲ್ಲಿ ವ್ರತಪೂರ್ವಕವಾಗಿ ಸ್ವೀಕರಿಸತಕ್ಕವು. ಅಂಗಡಿ ಬಿಟ್ಟವರೆಲ್ಲರೂ ಎಂಟನೆಯ ಪ್ರತಿಮಾಧಾರಿಗಳೆಂದು ನಾನು ಹೇಳುತ್ತಿಲ್ಲ. ಆದರೆ ಕ್ರಮವನ್ನು ಗಮನಿಸಬೇಕು. ಮೊದಲು ಕೆಲಸ, ಅನಂತರ ಹಣ, ಕೊನೆಗೆ ಮಾತು. ಬಿಡಲು ಕಷ್ಟವಾದುದನ್ನು ಆಚಾರ್ಯರು ಕೊನೆಗೆ ಇರಿಸಿದ್ದಾರೆಂದು ನನಗೆ ತೋರುತ್ತದೆ.

ಮೊದಲನೆಯ ಹೆಜ್ಜೆಯು ಲೆಕ್ಕಪತ್ರಗಳದು. 2023ರ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ, ನನ್ನ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಬಂಟ್ವಾಳದ ನಮ್ಮ ಅಡಿಕೆ ಮತ್ತು ಕಾಳುಮೆಣಸಿನ ಅಂಗಡಿಯ ಪಾಲುದಾರಿಕೆಯಿಂದ ನಾನು ಹೊರಬಂದೆ. ಮಗನೂ ತಮ್ಮನ ಮಗನೂ ಅದನ್ನು ಮುಂದುವರಿಸಿದರು. ಇಲ್ಲಿ ಅನೇಕರಿಗೆ ತಿಳಿಯದ ವಿಷಯವೊಂದಿದೆ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಪಾಲುದಾರನು ನಿವೃತ್ತನಾದರೂ ಸಾರ್ವಜನಿಕ ಪ್ರಕಟಣೆ ಆಗುವವರೆಗೆ ಹೊರಗಿನವರಿಗೆ ಆತನು ಸಾಮಾನ್ಯವಾಗಿ ಹೊಣೆಗಾರನಾಗಿಯೇ ಉಳಿಯುತ್ತಾನೆ. ನೋಂದಾಯಿತ ಸಂಸ್ಥೆಯಾದರೆ ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಜಿಲ್ಲೆಯ ದೇಶಭಾಷಾ ಪತ್ರಿಕೆಯೊಂದರಲ್ಲಿಯೂ ಪ್ರಕಟಿಸಬೇಕು. ಮನೆಯೊಳಗೆ ‘ಬಿಟ್ಟೆ’ ಎಂದರೆ ಸಾಲದು, ಪೇಟೆಗೆ ತಿಳಿಯಬೇಕು ಎಂಬ ಕಾನೂನಿನ ಈ ಮಾತಿನಲ್ಲಿ ವ್ರತಸ್ವೀಕಾರದ ಛಾಯೆಯಿದೆ. ವ್ರತವನ್ನೂ ನಾವು ಸಂಘದ ಎದುರಿನಲ್ಲಿಯೇ ಸ್ವೀಕರಿಸುತ್ತೇವಲ್ಲವೆ? ಒಬ್ಬರ ಹೆಸರಿನಲ್ಲಿಯೇ ಇರುವ ಅಂಗಡಿಯಾದರೆ ಜಿ.ಎಸ್.ಟಿ. ನೋಂದಣಿಯು ಮಗನಿಗೆ ತಾನಾಗಿ ವರ್ಗವಾಗದು. ಆತನು ಹೊಸ ನೋಂದಣಿಯನ್ನೇ ಪಡೆಯಬೇಕು.

ಎರಡನೆಯದು ಹಣ. ವ್ಯಾಪಾರಿಗೆ ಪಿಂಚಣಿಯಿಲ್ಲ, ಆತನ ವೃದ್ಧಾಪ್ಯದ ಗಂಟು ಅಂಗಡಿಯ ಬಂಡವಾಳದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಹೊರಗೆಳೆದರೆ ಅಂಗಡಿ ಸೊರಗುತ್ತದೆ. ಪೂರ್ತಿಯಾಗಿ ಅಲ್ಲಿಯೇ ಬಿಟ್ಟರೆ ತಂದೆಯ ಮುಷ್ಟಿಯೂ ಅಲ್ಲಿಯೇ ಉಳಿಯುತ್ತದೆ. ನಾವು ನನ್ನ ಬಂಡವಾಳ ಖಾತೆಯ ಮೊತ್ತವನ್ನು ಸಾಲವೆಂದು ಬರೆಸಿ, ಐದು ವರ್ಷಗಳ ಕಂತುಗಳಲ್ಲಿ ಹಿಂದಿರುಗಿಸುವಂತೆ ಕರಾರು ಮಾಡಿಕೊಂಡೆವು. ಬಂದ ಕಂತು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗುತ್ತದೆ. ಅರವತ್ತು ದಾಟಿದವರಿಗಾಗಿ 2004ರಲ್ಲಿ ಆರಂಭವಾದ ಈ ಯೋಜನೆಯ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು.

ಉಯಿಲನ್ನು ಬರೆಯುವುದು ಅಮಂಗಳವೆಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಇಬ್ಬರು ಸಾಕ್ಷಿಗಳ ಸಹಿಯಿರುವ ಒಂದು ಹಾಳೆಯು ಮುಂದೆ ಅಣ್ಣತಮ್ಮಂದಿರನ್ನು ನ್ಯಾಯಾಲಯದ ಮೆಟ್ಟಿಲಿನಿಂದ ದೂರವಿಡುವುದಾದರೆ ಅದು ಅಹಿಂಸೆಯ ಕಾರ್ಯವೇ ಸರಿ. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡಿದರೆ ಸಾಕೆಂದು ತಿಳಿಯಬಾರದು. ನಾಮನಿರ್ದೇಶಿತನು ಹಣವನ್ನು ಪಡೆಯಬಲ್ಲನೇ ಹೊರತು, ಒಡೆತನವನ್ನು ನಿರ್ಣಯಿಸುವುದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು. ಹಾಗೆಯೇ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವವರು ತಮ್ಮ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಒಳ್ಳೆಯದು. ಷರತ್ತು ಮುರಿದರೆ ಅಂತಹ ಹಸ್ತಾಂತರವನ್ನು ಅನೂರ್ಜಿತಗೊಳಿಸಲು ಹಿರಿಯ ನಾಗರಿಕರ 2007ರ ಕಾಯಿದೆಯಲ್ಲಿ ಅವಕಾಶವಿದೆ. ಇದು ಮಕ್ಕಳ ಮೇಲಿನ ಅವಿಶ್ವಾಸವಲ್ಲ. ಅಳತೆ ಸ್ಪಷ್ಟವಾಗಿದ್ದಲ್ಲಿ ಮನಸ್ಸು ಹಗುರವಾಗಿರುತ್ತದೆ ಎಂಬುದು ಪರಿಗ್ರಹ ಪರಿಮಾಣ ವ್ರತದ ಪಾಠವೂ ಹೌದು.

ಇಷ್ಟನ್ನು ವಕೀಲರೂ ಲೆಕ್ಕಪರಿಶೋಧಕರೂ ಮಾಡಿಕೊಡುತ್ತಾರೆ. ಮೂರನೆಯದನ್ನು ಮಾತ್ರ ಯಾರೂ ಮಾಡಿಕೊಡಲಾರರು.

ಅಂಗಡಿ ಬಿಟ್ಟ ಮೊದಲ ತಿಂಗಳುಗಳಲ್ಲಿ ನನ್ನನ್ನು ಕಾಡಿದುದು ಬಿಡುವಲ್ಲ, ಮೌನ. ನಲವತ್ತು ವರ್ಷಗಳಿಂದ ಪ್ರತಿದಿನ ಹತ್ತಾರು ಮಂದಿ ‘ಇವತ್ತು ಧಾರಣೆ ಎಷ್ಟು?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನಿಂತಾಗ ‘ನಾನು ಯಾರು?’ ಎಂಬ ಪ್ರಶ್ನೆ ಎದ್ದಿತು. ಆತ್ಮನೇ ನಾನು, ದೇಹವೂ ನಾನಲ್ಲ ಎಂದು ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಓದಿಯಾಗಿದೆ. ಆದರೆ ‘ಅಡಿಕೆ ವ್ಯಾಪಾರಿಯೂ ನಾನಲ್ಲ’ ಎಂಬುದನ್ನು ಅರಗಿಸಿಕೊಳ್ಳಲು ಒಂದು ಮಳೆಗಾಲ ಬೇಕಾಯಿತು.

ಅದೇ ವರ್ಷ ಮಗನು, ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ ಮುಂಗಡ ಕೊಡುವ ನಮ್ಮ ಅಂಗಡಿಯ ಹಳೆಯ ರೂಢಿಯನ್ನು ನಿಲ್ಲಿಸಿದನು. ನನ್ನ ತಂದೆಯ ಕಾಲದಿಂದ ಬಂದ ರೂಢಿಯದು. ಬೆಳ್ತಂಗಡಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಮನೆಗೇ ಬಂದು, ‘ಧಣಿಗಳೇ, ನೀವೊಂದು ಮಾತು ಹೇಳಿದರೆ ಆಗುತ್ತದೆ’ ಎಂದರು. ಹೇಳಿದ್ದರೆ ಆಗುತ್ತಿತ್ತು, ಮಗನು ನನ್ನ ಮಾತನ್ನು ಮೀರುವವನಲ್ಲ. ಆದರೆ ಆ ಒಂದು ಮಾತಿನಿಂದ ನಿವೃತ್ತಿಪತ್ರವೂ ಪತ್ರಿಕಾ ಪ್ರಕಟಣೆಯೂ ವ್ಯರ್ಥವಾಗುತ್ತಿದ್ದವು. ಮರುದಿನದಿಂದ ಪೇಟೆಯಲ್ಲಿ ಯಾರೂ ಮಗನ ಮಾತನ್ನು ಕೊನೆಯ ಮಾತೆಂದು ನಂಬುತ್ತಿರಲಿಲ್ಲ. ‘ಅವನಲ್ಲಿಯೇ ಕೇಳಿ, ಈಗ ಅಂಗಡಿ ಅವನದು’ ಎಂದೆ. ಅವರು ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದುಹೋದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅನುಮತಿತ್ಯಾಗವು ಎಂಟನೆಯದಾಗಿರದೆ ಹತ್ತನೆಯದಾಗಿರುವುದೇಕೆಂದು ಅಂದು ಅರ್ಥವಾಯಿತು.

ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ಪ್ರತಿಷ್ಠಾಪಿಸಿದ 35 ಅಡಿಯ ಬಾಹುಬಲಿ ಸ್ವಾಮಿಯ ಮೂರ್ತಿಯ ಎದುರಿನಲ್ಲಿ ನಿಂತಾಗಲೆಲ್ಲ ನನಗೆ ನೆನಪಾಗುವುದು ಯುದ್ಧದ ಕಥೆಯಲ್ಲ, ಅನಂತರದ ಕಥೆ. ಗೆದ್ದ ರಾಜ್ಯವನ್ನು ಬಿಟ್ಟು ಒಂದು ವರ್ಷ ನಿಂತರೂ ಕೇವಲಜ್ಞಾನ ಒದಗಲಿಲ್ಲ. ‘ನಿಂತಿರುವುದು ಅಣ್ಣನ ನೆಲದಲ್ಲಿ’ ಎಂಬ ಶಲ್ಯವು ಮನಸ್ಸಿನಲ್ಲಿ ಉಳಿದಿತ್ತೆಂದು ನಮ್ಮಲ್ಲಿ ಪ್ರಚಲಿತವಾದ ಕಥೆ ಹೇಳುತ್ತದೆ. ರಾಜ್ಯವನ್ನು ಬಿಟ್ಟರೂ ರಾಜ್ಯದ ನೆನಪು ಬಿಡದು. ನಮ್ಮಂಥವರ ಪಾಡೇನು?

ಕೆಲವರು ಮೂಡುಬಿದಿರೆಯ ರತ್ನಾಕರವರ್ಣಿಯ ಭರತೇಶ ವೈಭವವನ್ನು ಮುಂದಿಟ್ಟು, ‘ಭರತನು ಭೋಗದ ನಡುವೆಯೂ ಯೋಗಿಯಾಗಿದ್ದನಲ್ಲ, ನಾವೂ ಗಲ್ಲಾದಲ್ಲಿ ಕುಳಿತೇ ನಿರ್ಲಿಪ್ತರಾಗಿರುತ್ತೇವೆ’ ಎನ್ನುತ್ತಾರೆ. ಅದೇ ಭರತನು ಕೊನೆಗೆ ಅರ್ಕಕೀರ್ತಿಗೆ ಪಟ್ಟ ಕಟ್ಟಿ ದೀಕ್ಷೆ ವಹಿಸಿದನೆಂಬುದನ್ನು ಅವರು ಮರೆಯಬಾರದು.

ಹಾಗಾದರೆ ಮಕ್ಕಳು ಏನು ಮಾಡಿದರೂ ಸುಮ್ಮನಿರಬೇಕೆ? ಇಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಕಡಿಮೆ ಹೆಚ್ಚಿನ ತೂಕ ಅಳತೆಗಳನ್ನೂ ಕಲಬೆರಕೆಯನ್ನೂ ಸೇರಿಸಿದ್ದಾರೆ. ತಕ್ಕಡಿಯಲ್ಲಿ ಮೋಸ, ಮೆಣಸಿನಲ್ಲಿ ಬೆರಕೆ ಕಂಡರೆ ತಂದೆಯು ಹೇಳಲೇಬೇಕು. ಏಕಾಂತದಲ್ಲಿ, ಸ್ಪಷ್ಟವಾಗಿ ಹೇಳಬೇಕು. ಮುಂಗಡ ಕೊಡಬೇಕೆ, ಯಾವ ಧಾರಣೆಗೆ ಕೊಳ್ಳಬೇಕೆ ಎಂಬುದು ವ್ಯವಹಾರ. ತಕ್ಕಡಿಯ ಮುಳ್ಳು ನೇರವಾಗಿದೆಯೆ ಎಂಬುದು ಧರ್ಮ. ಮೊದಲನೆಯದರಲ್ಲಿ ಮೌನ, ಎರಡನೆಯದರಲ್ಲಿ ಮಾತು ಎಂಬ ಗೆರೆಯನ್ನು ನಾನು ಎಳೆದುಕೊಂಡಿದ್ದೇನೆ.

ಇನ್ನು ಶ್ರಾವಿಕೆಯರ ಮಾತು. ಪುರುಷನು ಅಂಗಡಿ ಬಿಟ್ಟು ಮನೆಯಲ್ಲಿ ಕುಳಿತರೆ ಗೃಹಿಣಿಯ ಆರಂಭವು ಇಮ್ಮಡಿಯಾಗುತ್ತದೆ: ಹನ್ನೊಂದಕ್ಕೊಂದು ಲೋಟ ಕಾಫಿ, ಸೂರ್ಯಾಸ್ತಕ್ಕೆ ಮುನ್ನ ಊಟ, ನಡುವೆ ಅಡುಗೆಮನೆಯ ವಿಚಾರದಲ್ಲಿ ಹೊಸ ಯಜಮಾನಿಕೆ. ಅವಳಿಗೆ ಅರವತ್ತು ತುಂಬಿದರೂ ಹಾರ ಹಾಕಿದವರಿಲ್ಲ. ಕಾಯಿ ತುರಿಯುವುದನ್ನೂ ಸೊಪ್ಪು ಸೋಸುವುದನ್ನೂ ಕೈಗೆ ತೆಗೆದುಕೊಳ್ಳದ ನಿವೃತ್ತನು ಹಿಂಸೆಯನ್ನು ಅಂಗಡಿಯಿಂದ ಮನೆಗೆ ತಂದಂತೆಯೇ. ಅವಳ ಹೆಸರಿನಲ್ಲಿ ಪ್ರತ್ಯೇಕ ಠೇವಣಿಯಿರಲಿ; ಗಂಡನ ಕಾಲಾನಂತರ ಅವಳು ಔಷಧಿಗೆ ಯಾರ ಎದುರಿನಲ್ಲಿಯೂ ಕೈಚಾಚುವಂತಾಗಬಾರದು.

ಕೊನೆಯದಾಗಿ, ನಮ್ಮ ಬಸದಿಗಳ ಮೊಕ್ತೇಸರರಲ್ಲಿಯೂ ಆಡಳಿತ ಮಂಡಳಿಗಳಲ್ಲಿಯೂ ಒಂದು ವಿನಂತಿ. ಅಂಗಡಿಯ ಗಲ್ಲಾ ಬಿಟ್ಟ ವ್ಯಾಪಾರಿಯು ಬಸದಿಯ ಗಲ್ಲಾದ ಮುಂದೆ ಬಂದು ಕುಳಿತುಕೊಳ್ಳುವುದು ನಮ್ಮ ಸಮಾಜದಲ್ಲಿ ಅಪರೂಪವಲ್ಲ. ಸೇವೆಯ ಹೆಸರಿನಲ್ಲಿ ಯಜಮಾನಿಕೆಯು ಮರುಜನ್ಮ ಪಡೆಯುತ್ತದೆ. ಅಧ್ಯಕ್ಷ ಸ್ಥಾನಕ್ಕೆ ಅವಧಿಯಿರಲಿ. ನಲವತ್ತರ ಒಳಗಿನವರೂ ಮಹಿಳೆಯರೂ ಮಂಡಳಿಯಲ್ಲಿರಲಿ. ಹಿರಿಯರಿಗೆ ಕುರ್ಚಿಯ ಬದಲು ಕೆಲಸ ಕೊಡಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿಯೂ ಅವರ ಕೈಗೆ ಕೆಲಸವಿದೆ. ಲೆಕ್ಕ ಬಲ್ಲವರು ವರ್ಷಕ್ಕೊಮ್ಮೆ ಬಸದಿಯ ಲೆಕ್ಕವನ್ನು ಪರಿಶೀಲಿಸಿಕೊಡಲಿ. ಓದಬಲ್ಲವರು ಮಕ್ಕಳಿಗೆ ವಾರಕ್ಕೊಂದು ಗಂಟೆ ಪುರಾಣ ಕಥೆ ಹೇಳಲಿ. ವಾಹನವಿರುವವರು ಒಂಟಿಯಾಗಿರುವ ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದು ಬಂದುದು ಅವನ್ನು ಜೋಪಾನ ಮಾಡಿದ ಕೈಗಳಿಂದ. ಆ ಕೈಗಳಲ್ಲಿ ಹೆಚ್ಚಿನವುಗಳ ಹೆಸರು ಇಂದು ಯಾರಿಗೂ ತಿಳಿದಿಲ್ಲ.

ದಿನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಸಾಮಾಯಿಕಕ್ಕೆ ಮೀಸಲೆಂದು ಹಿರಿಯರು ಹೇಳುತ್ತಾರೆ. ಅಂಗಡಿಯಲ್ಲಿದ್ದಾಗ ಅಷ್ಟು ಹೊತ್ತು ಕದಿಯಬೇಕಾಗುತ್ತಿತ್ತು. ಈಗ ಇಡೀ ದಿನ ಕೈಯಲ್ಲಿದೆ. ಆ ದಿನವನ್ನು ಮಕ್ಕಳ ವ್ಯವಹಾರದಲ್ಲಿ ಇಣುಕಲು ವ್ಯಯ ಮಾಡುವುದೊ, ಆತ್ಮಕಲ್ಯಾಣಕ್ಕೆ ಜಮೆ ಮಾಡುವುದೊ ಎಂಬುದು ನಿವೃತ್ತನೊಬ್ಬನೇ ಬರೆಯಬೇಕಾದ ಲೆಕ್ಕ. ಅದಕ್ಕೆ ಪಾಲುದಾರರಿಲ್ಲ.