ಮೂರು ತಾಲ್ಲೂಕು, ಒಂದು ಲೆನ್ಸು

ಕೊಳ್ಳೇಗಾಲದ ಚಿಕ್ಕರಂಗನಾಥ ಕೆರೆಯ ಏರಿ. ಬೆಳಗಿನ ಆರೂವರೆ. ಬಿಸಿಲು ಆಗಷ್ಟೇ ನೀರಿಗೆ ಇಳಿದಿದೆ. ಕರಿಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿದೆ. ಕೊಕ್ಕು ನೇರ ಕೆಳಕ್ಕೆ, ಕಣ್ಣು ಮೀನಿನ ಮೇಲೆ. ನಮಗೂ ಅದಕ್ಕೂ ಮೂವತ್ತು ಮೀಟರ್ ಅಂತರ ಇರಬಹುದು. ಕೈಯಲ್ಲಿರುವುದು 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ ಕ್ಯಾಮೆರಾ, ಅದಕ್ಕೆ ಹಾಕಿರುವುದು 70–300 ಎಂಎಂ ಜೂಮ್. ಹೆಗಲ ಚೀಲದಲ್ಲಿ ಗೆಳೆಯರಿಂದ ಇಸಿದುಕೊಂಡು ತಂದ 150–600. ಎರಡರಲ್ಲಿ ಒಂದು ಜಾತಿಯನ್ನು ಕೊಳ್ಳಬೇಕು. ಅಂಗಡಿಯೊಳಗೆ ನಿಂತು ಎದುರು ಗೋಡೆಗೆ ಗುರಿಯಿಟ್ಟರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಕೆರೆ, ಕಾಡು, ಬೆಟ್ಟ ಮೂರೂ ಅಕ್ಕಪಕ್ಕದಲ್ಲೇ ಇರುವ ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಗಿಂತ ಒಳ್ಳೆಯ ಪರೀಕ್ಷೆಯ ಕಣ ಬೇರೆ ಬೇಕಿಲ್ಲ.

ಜೂಮ್ ಉಂಗುರವನ್ನು 300ಕ್ಕೆ ತಿರುಗಿಸಿ ನೋಡಿ. ಕ್ರಾಪ್ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರ್. ಅದನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಎದುರಿನ ಪ್ರಾಣಿಯ ದೂರದಿಂದ ಗುಣಿಸಿದರೆ ಚೌಕಟ್ಟಿನಲ್ಲಿ ಎಷ್ಟು ಅಗಲದ ನೋಟ ಹಿಡಿಯುತ್ತದೆಂದು ತಿಳಿಯುತ್ತದೆ. ಮೂವತ್ತು ಮೀಟರಿನಲ್ಲಿ 300 ಎಂಎಂ ಹಿಡಿಯುವುದು 2.35 ಮೀಟರ್. ಮಿಂಚುಳ್ಳಿಯ ಉದ್ದ ಒಂದು ಗೇಣಿಗಿಂತ ತುಸು ಹೆಚ್ಚು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹಕ್ಕಿಯ ಪಾಲಿಗೆ ಬರುವುದು ಆರುನೂರ ಚಿಲ್ಲರೆ ಪಿಕ್ಸೆಲ್. ಫೋನಿನಲ್ಲಿ ನೋಡಲು ಸಾಕು, ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಲು ಸಾಲದು. ಈಗ ಲೆನ್ಸು ಬದಲಿಸಿ 600ಕ್ಕೆ ಎಳೆಯಿರಿ. ಹಕ್ಕಿಯ ಪಾಲು ಸಾವಿರದ ಇನ್ನೂರು ದಾಟಿತು. ಕಪ್ಪು ಪಟ್ಟಿಯೊಳಗೆ ಅಡಗಿದ್ದ ಕಣ್ಣು ಬೇರೆಯಾಗಿ ಕಾಣುತ್ತಿದೆ, ಎದೆಯ ಗರಿಯ ಮೇಲೆ ನೀರಿನ ಹನಿ ಹನಿಯಾಗಿಯೇ ಕಾಣುತ್ತಿದೆ. ಕೆರೆಯ ಮೊದಲ ತೀರ್ಪು 600ರ ಪರ.

ಇಲ್ಲೇ ಒಂದು ಮಾತು ಸ್ಪಷ್ಟವಾಗಬೇಕು. ಕ್ರಾಪ್ ಕ್ಯಾಮೆರಾಗೆ ಹಾಕಿದರೆ 300 ಎಂಬುದು 450 ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಲೆನ್ಸು ಎಲ್ಲಿದ್ದರೂ 300 ಎಂಎಂ ಲೆನ್ಸೇ. ಸೆನ್ಸರ್ ಚಿಕ್ಕದಾದ್ದರಿಂದ ಅದು ಮೂಡಿಸುವ ಬಿಂಬದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಆ ನೋಟ ಫುಲ್ ಫ್ರೇಮಿನ 450ರ ನೋಟದಷ್ಟು ಕಿರಿದಾಗಿರುತ್ತದೆ. ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಈ ಲೆಕ್ಕ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಅರ್ಧ ಕೆಜಿಯ ಆಸುಪಾಸಿನ ಲೆನ್ಸು ಹಿಡಿದು ಹಕ್ಕಿ ಚಿತ್ರಕ್ಕೆ ಕೈ ಹಾಕುವ ಧೈರ್ಯ ಮಧ್ಯಮ ವರ್ಗದ ಮನೆಯವರಿಗೆ ಬಂದದ್ದು ಈ ಚಿಕ್ಕ ಸೆನ್ಸರಿನಿಂದ.

ಎಂಟೂವರೆ ಆಯಿತು. ಆಚೆ ದಡದ ಹತ್ತಿರ ಹೆಜ್ಜಾರ್ಲೆಗಳ ಗುಂಪು ತೇಲುತ್ತಿದೆ. 600ರಲ್ಲಿ ಹಿಡಿದು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಅಂಚುಗಳೆಲ್ಲ ಕದಡಿವೆ. ಕೈ ಅಲುಗಿಲ್ಲ, ಫೋಕಸ್ ತಪ್ಪಿಲ್ಲ. ನೆಲ ಕಾದು, ಬಿಸಿ ಗಾಳಿ ಮೇಲೇಳುತ್ತ ಬೆಳಕನ್ನು ಬಾಗಿಸುತ್ತಿದೆ. ಲೆನ್ಸು ಹಕ್ಕಿಯನ್ನು ಎಷ್ಟು ಹಿಗ್ಗಿಸುತ್ತದೋ ಈ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಎಷ್ಟು ಲಕ್ಷದ ಲೆನ್ಸು ತಂದರೂ ಇದಕ್ಕೆ ಮದ್ದಿಲ್ಲ. ಬಯಲುಸೀಮೆಯ ಕೆರೆಯಲ್ಲಿ 600 ಎಂಎಂ ಪೂರ್ತಿ ದುಡಿಯುವುದು ಬೆಳಗಿನ ಒಂದೆರಡು ಗಂಟೆ, ಸಂಜೆಯ ಒಂದಿಷ್ಟು ಹೊತ್ತು ಮಾತ್ರ.

ಮಾಂಬಳ್ಳಿ ದಾಟಿ, ಭತ್ತದ ಗದ್ದೆಗಳ ನಡುವೆ ಸಾಗಿ, ಯಳಂದೂರಿಗೆ ಬಂದರೆ ಗೌರೀಶ್ವರ ದೇವಾಲಯದ ಬಳೆಮಂಟಪ. ಕಲ್ಲಿನಲ್ಲಿ ಬಳೆ ಬಳೆಯಾಗಿ ಕೊರೆದು ಇಳಿಬಿಟ್ಟ ಸರಪಣಿ ತಲೆಯ ಮೇಲಿದೆ. 150–600 ಇಲ್ಲಿ ಚೀಲದಿಂದ ಹೊರಬರುವುದೇ ಇಲ್ಲ. ಅದರ ಕನಿಷ್ಠ ಅಳತೆಗೇ ಹಿಂದೆ ಸರಿಯಲು ಜಾಗ ಸಾಲದು. 70–300ರಲ್ಲಿ ನೂರರ ಆಸುಪಾಸಿಗೆ ಬಂದರೆ ಒಂದೊಂದು ಬಳೆಯ ಒಳಮೈ, ಉಳಿ ಹೋದ ಗುರುತು ಎಲ್ಲ ಕೈಗೆಟಕುವಷ್ಟು ಹತ್ತಿರ.

ಮಧ್ಯಾಹ್ನ ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟದ ದಾರಿ ಹಿಡಿಯುತ್ತೇವೆ. ತಪ್ಪಲಿನ ಕುರುಚಲು ಕಾಡು ಕೆಲವೇ ತಿರುವುಗಳಲ್ಲಿ ಎಲೆಯುದುರಿಸುವ ಕಾಡಾಗುತ್ತದೆ. ಇನ್ನೂ ಮೇಲಕ್ಕೆ ನಿತ್ಯಹಸಿರು, ಶೋಲಾ, ಹುಲ್ಲುಗಾವಲು. 1974ರಲ್ಲಿ ಅಭಯಾರಣ್ಯವಾಗಿ, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡು ಇದು. ಅದೇ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳೂ ಸಿಕ್ಕವು. ಪ್ರತಿ ತಿರುವಿಗೂ ಕೊಂಬೆಗಳು ಒತ್ತಾಗುತ್ತವೆ, ಕ್ಯಾಮೆರಾದ ಮೀಟರ್ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ.

ಸಂಜೆ ಕೆ. ಗುಡಿಯಿಂದ ಸಫಾರಿ ಜೀಪು ಹೊರಟಿದೆ. ಬಾಗಿಲ ಅಂಚಿನ ಮೇಲೆ ರಾಗಿ ತುಂಬಿದ ಬಟ್ಟೆ ಚೀಲ, ಅದರ ಮೇಲೆ ಲೆನ್ಸು. ಜೀಪಿನೊಳಗೆ ಟ್ರೈಪಾಡ್ ಬಿಡಿಸಲು ಜಾಗವಿಲ್ಲ. ರಾಗಿಯ ಸಣ್ಣ ಕಾಳು ಲೆನ್ಸಿನ ಆಕಾರಕ್ಕೆ ಒಗ್ಗಿ ಅಲುಗದಂತೆ ಹಿಡಿಯುತ್ತದೆ. ಎಂಜಿನ್ ಓಡುತ್ತಿದ್ದರೆ ಆ ನಡುಕವೂ ಚಿತ್ರಕ್ಕೆ ಬರುತ್ತದೆ, ಹಾಗಾಗಿ ನಿಂತ ಕೂಡಲೇ ಆಫ್ ಮಾಡಲು ಚಾಲಕರನ್ನು ಮೊದಲೇ ಕೇಳಿಕೊಂಡಿದ್ದೇವೆ. ಐದೂ ಮುಕ್ಕಾಲಾಗಿದೆ. ಮುಂದೆ ಕೂತ ಸೋಲಿಗ ಗೈಡ್ ಕೈ ಎತ್ತುತ್ತಾರೆ. ಜೀಪು ನಿಲ್ಲುತ್ತದೆ. ಎಡಕ್ಕೆ, ಇಪ್ಪತ್ತು ಮೀಟರಿನಲ್ಲಿ, ಒಂದು ಕಾಟಿ. ಮಂಡಿಯಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟ ಹಾಗೆ, ಮೇಲೆ ಎಣ್ಣೆ ಹಚ್ಚಿದಂತೆ ಹೊಳೆಯುವ ಕಪ್ಪು ಮೈ. ಹಿಂದೆ ಕರು.

ದೊಡ್ಡ ಲೆನ್ಸು ಹಾಕಿ ನೋಡಿದರೆ 150ರಲ್ಲೇ ಹಿಡಿಯುವುದು ಮೂರು ಮೀಟರ್ ಚಿಲ್ಲರೆ ಅಗಲ. ಕಾಟಿಯೊಂದೇ ಚೌಕಟ್ಟು ತುಂಬಿಬಿಟ್ಟಿತು, ಕರುವಿಗೆ ಜಾಗವಿಲ್ಲ, ಕಾಡಿಗಂತೂ ಇಲ್ಲವೇ ಇಲ್ಲ. 70ಕ್ಕೆ ಬಂದರೆ ಆರೂವರೆ ಮೀಟರ್ ದಾಟುತ್ತದೆ. ತಾಯಿ, ಕರು, ಎರಡರ ಹಿಂದೆ ಬಿದಿರ ಮೆಳೆ ಎಲ್ಲವೂ ಬಂದವು. ಬೆಳಕಿನ ಲೆಕ್ಕ ಇನ್ನೂ ಮುಖ್ಯ. ಐಎಸ್‌ಒ 3200 ಇಟ್ಟು, ದೊಡ್ಡ ಲೆನ್ಸಿನ 600ರ ತುದಿಯಲ್ಲಿ ಎಫ್ 6.3ಕ್ಕೆ ಸಿಗುತ್ತಿರುವ ಶಟರ್ ಸ್ಪೀಡ್ ಸೆಕೆಂಡಿನ 60ನೇ ಒಂದು ಭಾಗ. ಅದೇ ಬೆಳಕಿನಲ್ಲಿ ಚಿಕ್ಕ ಜೂಮ್ ತನ್ನ 70ರ ತುದಿಯಲ್ಲಿ ಎಫ್ 4.5ಕ್ಕೆ ತೆರೆಯುತ್ತದೆ, ಒಳಬರುವ ಬೆಳಕು ಇಮ್ಮಡಿಯಾಗಿ ಸ್ಪೀಡ್ 125ನೇ ಒಂದು ಭಾಗಕ್ಕೆ ಏರುತ್ತದೆ. ಕಾಟಿ ತಲೆ ಎತ್ತಿ ನಮ್ಮನ್ನೇ ನೋಡುತ್ತಿದೆ, ಕಿವಿ ಮಾತ್ರ ಆಡುತ್ತಿದೆ. 60ರಲ್ಲಿ ಆ ಕಿವಿ ಮಸುಕು, 125ರಲ್ಲಿ ಅದರ ಅಂಚಿನ ಕೂದಲು ಎಣಿಸಬಹುದು.

ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆಯ ಬಗ್ಗೆಯೂ ಇಲ್ಲೇ ತಿಳಿಯಬೇಕು. ನಿಕಾನ್ ಅದನ್ನು ವಿಆರ್ ಎನ್ನುತ್ತದೆ, ಕ್ಯಾನನ್ ಐಎಸ್, ಸೋನಿ ಓಎಸ್‌ಎಸ್. ಅದು ನಮ್ಮ ಕೈಯ ಅಲುಗಾಟವನ್ನು ತಡೆಯುತ್ತದೆ, ಪ್ರಾಣಿಯ ಚಲನೆಯನ್ನಲ್ಲ. ನಿಂತ ಕಾಟಿಗೆ 60 ನಡೆದೀತು. ಮೇಲಿನ ಕೊಂಬೆಯಿಂದ ಹುಳು ಹಿಡಿಯಲು ಜಿಗಿಯುವ ಭೀಮರಾಜನಿಗೆ ಸಾವಿರದ ಒಂದು ಭಾಗವಾದರೂ ಬೇಕು. ಈ ಹೊತ್ತಿಗೆ, ಈ ನೆರಳಿನಲ್ಲಿ, ಎಫ್ 6.3ರ ಯಾವ ಲೆನ್ಸಿನಲ್ಲೂ ಅದು ಸಿಗದು. ಸಂಜೆಯ ಕಾಡನ್ನೇ ನೆಚ್ಚಿದವರು 70–200 ಎಫ್ 2.8 ಕಡೆ ಕಣ್ಣು ಹಾಕುವುದು ಅದಕ್ಕೇ. ಅದು ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ತರುತ್ತದೆ. ಬೆಲೆ, ತೂಕ ಎರಡನ್ನೂ ಜೊತೆಗೇ ತರುತ್ತದೆ.

ಇನ್ನೊಂದು ಅಡ್ಡಿ ಲಂಟಾನ. ರಸ್ತೆಯ ಎರಡೂ ಬದಿ ಗೋಡೆಯಂತೆ ಬೆಳೆದಿದೆ. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಇದು ಹೀಗೆ ಹಬ್ಬಿತು ಎನ್ನುತ್ತಾರೆ ಸೋಲಿಗರು. ಅದರ ಹಿಂದೆ ಜಿಂಕೆ ನಿಂತಿದೆ. ಕ್ಯಾಮೆರಾ ಮಾತ್ರ ಮುಂದಿನ ಕಡ್ಡಿಗೇ ಫೋಕಸ್ ಕೊಡುತ್ತಿದೆ. ಆಟೋಫೋಕಸನ್ನು ಒಂದೇ ಬಿಂದುವಿಗೆ ಇಳಿಸಿ ಜಿಂಕೆಯ ಕಣ್ಣಿನ ಮೇಲೆ ಇಟ್ಟು, ಫೋಕಸ್ ಉಂಗುರವನ್ನು ಬೆರಳಿನಿಂದ ತುಸು ತಿರುಗಿಸಿದೆವು. ಕಡ್ಡಿ ಕರಗಿತು, ಕಣ್ಣು ಬಂತು. ಲೆನ್ಸು ಕೊಳ್ಳುವಾಗ ಈ ಉಂಗುರ ಬೆರಳಿಗೆ ಸಲೀಸಾಗಿ ಸಿಗುತ್ತದೆಯೇ ಎಂದು ನೋಡುವವರು ಕಡಿಮೆ. ನೋಡಲೇಬೇಕು.

ಫಿಲ್ಮಿನ ಕಾಲದಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆಯವರಂಥ ಕರ್ನಾಟಕದ ಹಿರಿಯರು ಕಾಡಿನ ಚಿತ್ರ ತೆಗೆದರು. ಆಗಿನ ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಐಎಸ್‌ಒ 64 ಸಾಮಾನ್ಯವಾಗಿತ್ತು. ಈಗ ನಾವು ಸಲೀಸಾಗಿ ಇಡುವ 3200 ಅದರ ಐವತ್ತು ಪಟ್ಟು. ಅಷ್ಟು ಅನುಕೂಲವಿದ್ದೂ ಸಂಜೆಯ ಕಾಡಿನಲ್ಲಿ ನಮಗೆ ಮೊದಲು ಮುಗಿಯುವುದು ಬೆಳಕೇ, ದೂರವಲ್ಲ. ಲೆನ್ಸಿನ ಮೇಲೆ ಬರೆದ ದೊಡ್ಡ ಸಂಖ್ಯೆಗೆ ಮರುಳಾಗುವ ಮುನ್ನ ಅದರ ಪಕ್ಕದ ಸಣ್ಣ ಎಫ್ ಸಂಖ್ಯೆಯನ್ನು ಓದಿ ಎನ್ನುವುದು ಅದಕ್ಕಾಗಿ.

ಮರುದಿನ ಹನೂರಿನ ದಾರಿ. ಕೊಳ್ಳೇಗಾಲದಿಂದ ಹೊರಟರೆ ಕಾಮಗೆರೆ ಸಿಗುತ್ತದೆ. 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ್ದು ಈ ಊರಿನಿಂದ. ಅವರು ಜೀವಂತ ಮರಳಲಿಲ್ಲ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಇದೇ ಹನೂರು ತಾಲ್ಲೂಕಿನಲ್ಲಿದೆ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ 1997ರಲ್ಲಿ ಅವನ ಸೆರೆಯಲ್ಲಿ ಹದಿನಾಲ್ಕು ದಿನ ಕಳೆದರು. ಕ್ಯಾಮೆರಾ ಹಿಡಿದು ಈ ಕಡೆಯ ಕಾಡಿಗೆ ಕಾಲಿಡಲು ಜನ ಅಂಜುತ್ತಿದ್ದ ಕಾಲ ಅದು. ಅವನ ಕಾಲ ಮುಗಿದ ಮೇಲೆ, 2013ರಲ್ಲಿ, ಮಲೆ ಮಹದೇಶ್ವರ ಅಭಯಾರಣ್ಯ ಘೋಷಣೆಯಾಯಿತು. ಇಂದು ಇಲ್ಲಿ ಲೆನ್ಸು ಹಿಡಿದು ನಿರಾತಂಕವಾಗಿ ನಿಲ್ಲುವ ಪ್ರತಿಯೊಬ್ಬರೂ ಆ ಕಾಲವನ್ನು ನೆನೆಯಬೇಕು.

ಅಜ್ಜೀಪುರದ ಆಚೆ ಉಡುತೊರೆ ಹಳ್ಳದ ಜಲಾಶಯ. ದಡದಲ್ಲಿ ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೆ ಮರಿ. ಎಂಬತ್ತು ಮೀಟರ್ ಇದೆ. 300ರಲ್ಲಿ ಆರು ಮೀಟರ್ ಚಿಲ್ಲರೆ ಅಗಲ ಹಿಡಿಯುತ್ತದೆ, ತಾಯಿ ಮರಿ ಎರಡೂ ಹಿತವಾಗಿ ಕೂರುತ್ತವೆ. ಮರಿ ಸೊಂಡಿಲು ಬಳಸಲು ಇನ್ನೂ ಕಲಿತಿಲ್ಲ. ಬಗ್ಗಿ ಬಾಯಿಂದಲೇ ನೀರು ಹೀರುತ್ತಿದೆ. ತಾಯಿಗೆ ನಾವಿರುವುದು ಗೊತ್ತು, ಆದರೂ ಕಿವಿ ನಿಧಾನವಾಗಿ ಬೀಸುತ್ತಿದೆ. ಕಿವಿ ಅಗಲಿಸಿ ಸ್ತಬ್ಧವಾಗಿ ನಿಂತಿದ್ದರೆ ನಾವು ಹತ್ತಿರವಾದೆವು ಎಂದೇ ಅರ್ಥ. ಟೆಲಿಫೋಟೊ ಕೊಳ್ಳುವುದು ದೂರದಲ್ಲಿ ನಿಲ್ಲುವುದಕ್ಕಾಗಿ. ಇನ್ನಷ್ಟು ಮುಂದೆ ಹೋಗುವ ಆಸೆ ಹುಟ್ಟಿಸುವ ಚಿತ್ರ, ಆನೆಗೂ ರಸ್ತೆಯಂಚಿನ ಹಳ್ಳಿಗೂ ಅಪಾಯ ತರುವ ಚಿತ್ರ, ನಮಗೆ ಬೇಡ.

ಮಧ್ಯಾಹ್ನಕ್ಕೆ ತಾಳಬೆಟ್ಟ. ಮಲೆ ಮಹದೇಶ್ವರ ಬೆಟ್ಟಕ್ಕೆ ಮಾದಪ್ಪನ ಪರಿಷೆ ಮೇಲೇರುತ್ತಿದೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಬಾಯಲ್ಲಿ ಉಘೇ ಉಘೇ. ನಾವೂ ಜೊತೆಯಲ್ಲಿ ನಡೆಯುತ್ತೇವೆ. 150–600 ತೂಗುವುದು ಸುಮಾರು ಎರಡು ಕೆಜಿ. ಮೊದಲ ತಿರುವಿಗೇ ಹೆಗಲಿಗೆ ಗೊತ್ತಾಯಿತು. ಮುಂದೆ ಕಂಸಾಳೆಯವರು ನಿಂತು ಹಾಡುತ್ತಿದ್ದಾರೆ. ಕಂಚಿನ ಬಟ್ಟಲು ಬೆನ್ನ ಹಿಂದಿನಿಂದ ಸುತ್ತಿ ಬಂದು ಇನ್ನೊಂದಕ್ಕೆ ತಾಗುವ ಆ ಕ್ಷಣ ಹಿಡಿಯಲು 70 ಎಂಎಂ, 500ನೇ ಒಂದು ಭಾಗ. ಕ್ಯಾಮೆರಾ ತೋರಿಸಿ ಅನುಮತಿ ಕೇಳಿದೆವು, ಅವರು ತಲೆಯಾಡಿಸಿ ಮತ್ತೆ ಶುರುಮಾಡಿದರು. ಕೆರೆಯಲ್ಲಿ ಗೆದ್ದ ದೊಡ್ಡ ಲೆನ್ಸು ಬೆಟ್ಟ ಮುಗಿಯುವವರೆಗೆ ಚೀಲದಲ್ಲೇ ಉಳಿಯಿತು.

ಈಗ ಕೊಳ್ಳುವ ಮಾತು. ಈ ಮೂರು ತಾಲ್ಲೂಕಿನಂಥ ನೆಲದಲ್ಲಿ ಓಡಾಡುವ, ಒಂದೇ ಟೆಲಿಫೋಟೊ ಕೊಳ್ಳಬಲ್ಲ ಕ್ರಾಪ್ ಕ್ಯಾಮೆರಾದವರಿಗೆ ನನ್ನ ಉತ್ತರ 70–300 ಜಾತಿಯ ಜೂಮ್. ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಎಫ್-ಪಿ 70–300 ವಿಆರ್ ಇದೆ, ತೂಕ 415 ಗ್ರಾಂ. ಆದರೆ ಡಿ90, ಡಿ7000ದಂಥ ಹಳೆಯ ಕ್ಯಾಮೆರಾಗಳಲ್ಲಿ ಅದು ಕೆಲಸ ಮಾಡದು. ಸೋನಿಯ 70–350 ಇನ್ನೂ ಐವತ್ತು ಎಂಎಂ ಹೆಚ್ಚು ಕೊಡುತ್ತದೆ, ತೂಕ 625 ಗ್ರಾಂ. ಫ್ಯೂಜಿಗೆ 70–300 ಇದೆ. ಕ್ಯಾನನ್‌ನಲ್ಲಿ ಕಡಿಮೆ ಖರ್ಚಿಗೆ 55–250 ಎಸ್‌ಟಿಎಂ, ಆರ್10ನಂಥ ಮಿರರ್‌ಲೆಸ್‌ಗೆ ಅಡಾಪ್ಟರ್ ಮೂಲಕ ಅದೂ ಸೇರುತ್ತದೆ. ಆರ್‌ಎಫ್ 100–400 ದೂರಕ್ಕೆ ಒಳ್ಳೆಯದು, ಆದರೆ 400ರಲ್ಲಿ ಅದು ಎಫ್ 8. ಬೆಟ್ಟದ ನೆರಳಿನಲ್ಲಿ ಪರದಾಡುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಗಾಜಿನೊಳಗೆ ಜೇಡರ ಎಳೆಯಂಥ ಗೆರೆಗಳಿದ್ದರೆ ಅದು ಫಂಗಸ್, ಬೇಡ. ಲೆನ್ಸನ್ನು ಕೆಳಮುಖ ಹಿಡಿದಾಗ ಜೂಮ್ ತಾನಾಗಿ ಜಾರುತ್ತದೆಯೇ ಪರೀಕ್ಷಿಸಿ. ಕರ್ನಾಟಕದ ಹಲವು ಸಫಾರಿ ಕೇಂದ್ರಗಳಲ್ಲಿ ಕ್ಯಾಮೆರಾ ಶುಲ್ಕ ಲೆನ್ಸಿನ ಎಂಎಂ ನೋಡಿ ಏರುತ್ತದೆ, ಆ ಖರ್ಚೂ ಲೆಕ್ಕದಲ್ಲಿರಲಿ.

ಕೆರೆಯೇ ನಿಮ್ಮ ಲೋಕವಾದರೆ, ದಿನವೂ ಬೆಳಗ್ಗೆ ಏರಿಯ ಮೇಲೆ ನಿಲ್ಲುವವರಾದರೆ, 150–600 ಕೊಂಡುಕೊಳ್ಳಿ, ಹಾಕಿದ ಹಣ ಸಾರ್ಥಕವಾಗುತ್ತದೆ. ಉಳಿದವರು ಸಣ್ಣದನ್ನು ಕೊಂಡು, ಉಳಿಸಿದ ಹಣದಲ್ಲಿ ಮತ್ತೆ ಮತ್ತೆ ಕಾಡಿಗೆ ಬನ್ನಿ. ಎಂಎಂ ಕೊಡಲಾಗದ ಚಿತ್ರವನ್ನು ಬೆಳಗಿನ ಬೆಳಕೂ ಕಾಯುವ ತಾಳ್ಮೆಯೂ ಕೊಡುತ್ತವೆ.