ಮಗಳಿರುವ ದ್ವೀಪ

ದೂರದೇಶಕ್ಕೆ ಹೋಗಿ ಬಂದವರು ತಾವು ಕಂಡುದನ್ನು ನಾಲ್ಕು ಮಂದಿಗೆ ಹೇಳಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಕಾಶಿಗೆ ಹೋದವರು ಗಂಗೋದಕವನ್ನು ತಂದು ನೆರೆಹೊರೆಯವರಿಗೆ ಹಂಚುವುದಿಲ್ಲವೆ? ಇದೂ ಹಾಗೆಯೇ. ಆದರೆ ನಾನು ಸಿಸಿಲಿ ದ್ವೀಪಕ್ಕೆ ಹೋದದ್ದು ದೇಶವನ್ನು ನೋಡುವುದಕ್ಕಲ್ಲ, ಮಗಳನ್ನು ನೋಡುವುದಕ್ಕೆ. ಆದುದರಿಂದ ಈ ಬರಹದಲ್ಲಿ ದೇಶದ ವರ್ಣನೆಯೂ ಮನೆಯ ಮಾತೂ ಒಂದರೊಳಗೊಂದು ಬೆರೆತಿದ್ದರೆ ವಾಚಕರು ಮನ್ನಿಸಬೇಕು.

ಚಿತ್ರದುರ್ಗದ ಸೀಮೆಯಲ್ಲಿ ನಾನು ಮೂವತ್ತು ವರ್ಷಕಾಲ ಹುಡುಗರಿಗೆ ಭೂಗೋಳವನ್ನು ಹೇಳಿಕೊಟ್ಟವನು. ಇಟಲಿ ದೇಶ ಕಾಲಿನ ಬೂಟಿನಂತಿದೆಯೆಂದೂ, ಆ ಬೂಟಿನ ತುದಿ ಒದೆಯುತ್ತಿರುವ ಕಲ್ಲೇ ಸಿಸಿಲಿಯೆಂದೂ ಪ್ರತಿವರ್ಷವೂ ಹೇಳುತ್ತಿದ್ದೆನು. ಮನೆಯಲ್ಲಿ ಮಗಳಿಗೂ ಅದನ್ನೇ ಹೇಳಿದೆನು. ಆಗ ಅವಳಿಗೆ ಏಳೋ ಎಂಟೋ ವರ್ಷ. ಭೂಪಟದ ಮೇಲೆ ಬೆರಳಿಟ್ಟು, “ಆ ಕಲ್ಲಿನ ಮೇಲೆ ಜನ ಇದ್ದಾರೆಯೇ, ಅಪ್ಪ?” ಎಂದು ಕೇಳಿದಳು. ಜನರೂ ಇದ್ದಾರೆ, ಬೆಂಕಿಯುಗುಳುವ ಎಟ್ನಾ ಎಂಬ ಬೆಟ್ಟವೂ ಇದೆ ಎಂದೆನು. ಮಗು ಆ ಬೆಟ್ಟವನ್ನು ಮರೆಯಲಿಲ್ಲ. ಬೆಳೆದು, ಕಲ್ಲುಮಣ್ಣುಗಳ ಶಾಸ್ತ್ರವನ್ನು ಓದಿ, ಕಡೆಗೆ ಆ ಬೆಟ್ಟದ ಬುಡದಲ್ಲಿಯೇ ನೆಲಸಿದಳು.

2019ನೆಯ ಇಸವಿಯಲ್ಲಿ ಅವಳ ತಾಯಿ ತೀರಿಕೊಂಡಳು. ಕಾಯಿಲೆ ಎರಡು ತಿಂಗಳು ಎಳೆಯಿತು. ಮಗಳು ಆಗ ತನ್ನ ಪ್ರಬಂಧದ ಕಡೆಯ ಘಟ್ಟದಲ್ಲಿದ್ದಳು. “ಅವಳಿಗೆ ಈಗ ತಿಳಿಸಬೇಡಿ, ಓದು ಕೆಡುತ್ತದೆ” ಎಂದು ನನ್ನ ಹೆಂಡತಿ ಮೊದಲಲ್ಲಿ ಹೇಳಿದ್ದುಂಟು. ನಾನು ತಿಳಿಸಲಿಲ್ಲ. ಮಗಳು ಬಂದು ಬಾಗಿಲಲ್ಲಿ ನಿಂತಾಗ ಎಲ್ಲವೂ ಮುಗಿದು ಮೂರು ದಿನವಾಗಿತ್ತು. “ಯಾಕೆ ತಿಳಿಸಲಿಲ್ಲ?” ಎಂದು ಕೇಳಿದಳು. “ನಿನ್ನ ಅಮ್ಮನೇ ಬೇಡವೆಂದಳು” ಎಂದೆನು. ಅವಳು ಮರುಮಾತಾಡಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿಸಿಕೊಂಡು ಹೊರಟುಹೋದಳು. ಅಲ್ಲಿಂದ ಆರು ವರ್ಷ ನಾವು ದೂರವಾಣಿಯಲ್ಲಿ ಮಾತಾಡಿದ್ದೆಲ್ಲ ಮಳೆ, ಬಿಸಿಲು, ಆರೋಗ್ಯ ಇಷ್ಟರ ಮೇಲೆಯೇ. 2025ರ ಮಾರ್ಚಿನಲ್ಲಿ ಅವಳಾಗಿ, “ಒಂದು ಸಲ ಬಂದು ಹೋಗಿ ಅಪ್ಪ” ಎಂದಳು. ಏಪ್ರಿಲಿನಲ್ಲಿ ಹೊರಟೆನು.

ರೋಮಿನಲ್ಲಿ ವಿಮಾನದಿಂದಿಳಿದು ರಾತ್ರಿಯ ರೈಲು ಹಿಡಿದೆನು. ಬೆಳಗಿನ ಜಾವ ಗಾಡಿ ಇಟಲಿಯ ತುದಿಯನ್ನು ಮುಟ್ಟಿ ನಿಂತಿತು. ಅಲ್ಲಿ ನಡೆಯುವ ಕಾರ್ಯ ನೋಡತಕ್ಕದ್ದು. ರೈಲಿನ ಡಬ್ಬಿಗಳನ್ನು ತುಂಡುತುಂಡಾಗಿ ಬಿಡಿಸಿ, ಹಡಗಿನ ಹೊಟ್ಟೆಯೊಳಗೆ ಹಾಸಿರುವ ಹಳಿಗಳ ಮೇಲೆ ನೂಕುವರು. ಪ್ರಯಾಣಿಕರು ಮಲಗಿದ್ದಲ್ಲಿಯೇ ಸಮುದ್ರವನ್ನು ದಾಟುವರು. ಜಲಸಂಧಿಯ ಅಗಲ ಕಿರಿದಾದ ಕಡೆಯಲ್ಲಿ ಮೂರು ಕಿಲೋಮೀಟರಿನಷ್ಟು ಮಾತ್ರ. ನಾನು ಹಡಗಿನ ಮೇಲಂತಸ್ತಿಗೆ ಹತ್ತಿ ನಿಂತೆನು. ಎದುರಿಗೆ ಮೆಸ್ಸೀನ ಪಟ್ಟಣದ ದೀಪಗಳು ಕಾಣುತ್ತಿದ್ದವು. 1908ನೆಯ ಡಿಸೆಂಬರು 28ರಂದು ಇಂಥದೇ ಬೆಳಗಿನ ಜಾವದಲ್ಲಿ ಆ ಪಟ್ಟಣ ಭೂಕಂಪದಿಂದ ನೆಲಸಮವಾಗಿ, ಹತ್ತಾರು ಸಾವಿರ ಜನ ಮಲಗಿದ್ದಲ್ಲಿಯೇ ಮಡಿದರು. ಅದನ್ನು ನಾನೇ ಎಷ್ಟೋ ಸಲ ಪಾಠ ಹೇಳಿದ್ದೆನು. ಹೇಳುವಾಗ ಅದು ಬರಿಯ ತಾರೀಖಾಗಿತ್ತು. ಆ ದೀಪಗಳನ್ನು ಕಂಡಾಗ ಮನೆಗಳಾಯಿತು.

ಮೆಸ್ಸೀನದಿಂದ ಕತಾನಿಯಕ್ಕೆ ರೈಲು ಸಮುದ್ರದ ಅಂಚಿನಲ್ಲಿಯೇ ಹೋಗುತ್ತದೆ. ಎಡಕ್ಕೆ ನೀರು, ಬಲಕ್ಕೆ ನಿಂಬೆ ಕಿತ್ತಳೆಗಳ ತೋಟ. ತೋಟದ ಬೇಲಿಯಲ್ಲೆಲ್ಲ ನಮ್ಮ ಪಾಪಾಸುಕಳ್ಳಿ! ಅದರ ಹಣ್ಣನ್ನು ಅಲ್ಲಿಯವರು ಆದರದಿಂದ ತಿನ್ನುವರಂತೆ. ಅದಕ್ಕೆ ಅವರಿಟ್ಟ ಹೆಸರು ‘ಇಂಡಿಯಾದ ಅಂಜೂರ’. ನಿಜವಾಗಿ ಅದು ನಮ್ಮದೂ ಅಲ್ಲ, ಅವರದೂ ಅಲ್ಲ. ಅಮೆರಿಕಾ ಖಂಡದಿಂದ ಬಂದದ್ದು. ಬಂದು ಬೇರೂರಿದ ಮೇಲೆ ಯಾವ ನೆಲವಾದರೂ ಅದಕ್ಕೆ ತನ್ನದೇ. ಆಮೇಲೆ ಎಟ್ನಾ ಕಂಡಿತು. 3,300 ಮೀಟರುಗಳಿಗೂ ಮೀರಿದ ಎತ್ತರ. ನೆತ್ತಿಯಲ್ಲಿ ಹಿಮ, ಹಿಮದ ಮೇಲೆ ತೆಳುವಾದ ಹೊಗೆ. ಅನ್ನ ಬೇಯುವ ಮನೆಯ ಹೊಗೆಯಂತೆ ಅದು ಸಾಧುವಾಗಿ ಏಳುತ್ತಿತ್ತು.

ನಿಲ್ದಾಣದಲ್ಲಿ ಮಗಳು ನಿಂತಿದ್ದಳು. ಕಿವಿಯ ಬಳಿ ನಾಲ್ಕು ಕೂದಲು ಬೆಳ್ಳಗಾಗಿದ್ದವು. ತಂದೆಯಾದವನಿಗೆ ತನ್ನ ಮುಪ್ಪು ಅಷ್ಟಾಗಿ ತಿಳಿಯದು. ಮಗಳ ತಲೆಯಲ್ಲಿ ನರೆಯನ್ನು ಕಂಡಾಗ ತಿಳಿಯುತ್ತದೆ. ಅವಳು ಬಗ್ಗಿ ಕಾಲು ಮುಟ್ಟಿದಳು. ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. “ಪ್ರಯಾಣ ಹೇಗಾಯಿತು?” “ಚೆನ್ನಾಯಿತು.” ಅಷ್ಟೆ.

ಕತಾನಿಯ ಕರಿಯ ಊರು. ಬೆಟ್ಟ ಉಗುಳಿದ ಕಲ್ಲಿನಿಂದಲೇ ಅಲ್ಲಿನ ಬೀದಿ, ಮನೆ, ದೇವಾಲಯ. 1669ರಲ್ಲಿ ಕರಗಿದ ಕಲ್ಲಿನ ಹೊಳೆ ಊರಿನವರೆಗೂ ಹರಿದು ಬಂತು. 1693ರ ಭೂಕಂಪದಲ್ಲಿ ಊರೆಲ್ಲ ಬಿದ್ದುಹೋಯಿತು. ಜನ ಓಡಿಹೋಗಲಿಲ್ಲ, ತಮ್ಮನ್ನು ಕೆಡಿಸಿದ ಕಲ್ಲನ್ನೇ ಕೆತ್ತಿ ಮತ್ತೆ ಕಟ್ಟಿದರು. ಊರ ನಡುವಣ ಚೌಕದಲ್ಲಿ ಕರಿಯ ಕಲ್ಲಿನ ಆನೆಯೊಂದಿದೆ. ಅದರ ಬೆನ್ನಿನ ಮೇಲೆ ಈಜಿಪ್ಟಿನ ಕಂಬ. ಆನೆಯನ್ನು ಕಂಡು ನಾನು ನಕ್ಕೆನು. “ನಾನು ಬಂದ ಹೊಸತರಲ್ಲಿ ಬೇಸರವಾದಾಗಲೆಲ್ಲ ಇಲ್ಲಿಗೆ ಬಂದು ಕೂತುಕೊಳ್ಳುತ್ತಿದ್ದೆ” ಎಂದಳು ಮಗಳು. ಆ ಬೇಸರದ ಸುದ್ದಿ ಅವಳ ಯಾವ ಕಾಗದದಲ್ಲಿಯೂ ಬಂದಿರಲಿಲ್ಲ. ಮುಚ್ಚಿಡುವ ವಿದ್ಯೆಯನ್ನು ಮಕ್ಕಳು ಮನೆಯಲ್ಲಿಯೇ ಕಲಿಯುತ್ತಾರೆ.

ಮಾರನೆಯ ದಿನ ಸಿರಾಕ್ಯೂಸಿಗೆ ಹೋದೆವು. ಆರ್ಕಿಮಿಡೀಸನು ಹುಟ್ಟಿದ ಊರು ಅದು. ಅಲ್ಲಿನ ದೊಡ್ಡ ಚರ್ಚನ್ನು ನೋಡಬೇಕು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಕರು ಅಥೀನಾ ದೇವಿಗೆ ಕಟ್ಟಿದ ಗುಡಿಯೇ ಮುಂದೆ ಚರ್ಚಾಯಿತು. ಕಂಬಗಳ ನಡುವೆ ಗೋಡೆಯೆಬ್ಬಿಸಿದರೇ ಹೊರತು ಕಂಬಗಳನ್ನು ಕೀಳಲಿಲ್ಲ. ಇಂದಿಗೂ ಆ ದಪ್ಪ ಕಂಬಗಳು ಗೋಡೆಯೊಳಗಿನಿಂದ ಉಬ್ಬಿ ತೋರುತ್ತವೆ. ನಾನು ಒಂದು ಕಂಬವನ್ನು ಮುಟ್ಟಿ ಬಹಳ ಹೊತ್ತು ನಿಂತಿದ್ದೆನು. “ಏನು ಯೋಚಿಸುತ್ತೀರಿ, ಅಪ್ಪ?” ಎಂದಳು. “ಏನೂ ಇಲ್ಲ” ಎಂದೆನು.

ಮೂರನೆಯ ದಿನ ಮೋಟಾರಿನಲ್ಲಿ ಎನ್ನಾ ಪಟ್ಟಣಕ್ಕೆ ಹೊರಟೆವು. ಅದು ದ್ವೀಪದ ನಟ್ಟನಡುವೆ, ಸಮುದ್ರಮಟ್ಟಕ್ಕೆ 900 ಮೀಟರುಗಳಿಗೂ ಮೇಲೆ, ನಮ್ಮ ಕಲ್ಲಿನ ಕೋಟೆಯಂತೆ ಬಂಡೆಯ ಮೇಲೆ ಕೂತಿದೆ. ಸುತ್ತಲೂ ಗೋದಿಯ ಹೊಲಗಳು ಹಸುರಾಗಿದ್ದವು. ಊರ ತುದಿಯ ದೊಡ್ಡ ಬಂಡೆಗೆ ಬೆಳೆಯ ದೇವತೆಯಾದ ಡಿಮೀಟರಳ ಹೆಸರು. ಕೆಳಗೆ ಕೆಲವು ಮೈಲಿಗಳಾಚೆ ಪೆರ್ಗೂಸಾ ಎಂಬ ಸರೋವರ. ಅದರ ಸುತ್ತಲೂ ಈಗ ಮೋಟಾರುಪಂದ್ಯದ ದಾರಿಯನ್ನು ಹಾಕಿದ್ದಾರೆ. 2024ರ ಬರಗಾಲದಲ್ಲಿ ಸರೋವರ ಬತ್ತಿ ಹೊಂಡವಾಗಿತ್ತಂತೆ. ನಾವು ಹೋದಾಗ ನೀರು ಕೊಂಚ ಮರಳಿತ್ತು. ದಡದ ಬಿರಿದ ಮಣ್ಣನ್ನು ಕಂಡು ನಮ್ಮ ಕಡೆಯ ಕೆರೆಗಳ ನೆನಪಾಯಿತು.

ಅಲ್ಲಿ ಕೂತು ಮಗಳು ಆ ಸ್ಥಳದ ಕಥೆಯನ್ನು ಹೇಳಿದಳು. ಡಿಮೀಟರಳ ಮಗಳು ಪರ್ಸೆಫೊನಿ ಈ ದಡದಲ್ಲಿ ಹೂ ಕೊಯ್ಯುತ್ತಿದ್ದಾಗ ಪಾತಾಳದ ಅರಸನು ಬಂದು ಅವಳನ್ನು ಎತ್ತಿಕೊಂಡು ಹೋದನು. ತಾಯಿ ಎಟ್ನಾದ ಬೆಂಕಿಯಲ್ಲಿ ಪಂಜುಗಳನ್ನು ಹೊತ್ತಿಸಿಕೊಂಡು ಲೋಕವನ್ನೆಲ್ಲ ಹುಡುಕಿದಳು. ಒಂಬತ್ತು ದಿನ ಅನ್ನನೀರಿಲ್ಲ. ಕಡೆಗೆ ಮಗಳು ಮರಳಿ ಬಂದಳಾದರೂ, ಅಲ್ಲಿ ದಾಳಿಂಬೆಯ ಬೀಜವನ್ನು ತಿಂದಿದ್ದುದರಿಂದ ಪ್ರತಿವರ್ಷವೂ ಕೆಲವು ತಿಂಗಳು ಪಾತಾಳಕ್ಕೆ ಹೋಗಲೇಬೇಕಾಯಿತು.

“ಇದರಲ್ಲಿ ನನ್ನ ಮನಸ್ಸಿಗೆ ನಾಟುವುದು ಯಾವುದು ಗೊತ್ತೇ, ಅಪ್ಪ?” ಎಂದಳು. “ಆ ಒಂಬತ್ತು ದಿನ ತಾಯಿಗೆ ಯಾರೂ ನಿಜವನ್ನು ಹೇಳಲಿಲ್ಲ. ಹುಡುಗಿಯ ತಂದೆಗೆ ಗೊತ್ತಿತ್ತು. ಅವನೇ ಒಪ್ಪಿಗೆ ಕೊಟ್ಟಿದ್ದ.”

ಅವಳು ನನ್ನನ್ನು ಉದ್ದೇಶಿಸಿ ಹೇಳಿದಳೋ ಇಲ್ಲವೋ ನಾನರಿಯೆ. ಆದರೆ ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ.

“ನಿನ್ನ ಅಮ್ಮ ಬೇಡವೆಂದದ್ದು ಮೊದಲಲ್ಲಿ ಮಾತ್ರ ಕಣಮ್ಮ” ಎಂದೆನು. “ಕಡೆಯ ವಾರದಲ್ಲಿ ಅವಳು ನಿನ್ನನ್ನು ಕೇಳಿದಳು. ‘ಮಗು ಬರುತ್ತಾಳೆಯೇ?’ ಎಂದಳು. ನಾನು ಬರುತ್ತಾಳೆ ಎಂದೆ. ನಿನಗೆ ಹೇಳಿಯೇ ಇರಲಿಲ್ಲ. ಹೇಳಿದರೆ ಅವಳು ಉಳಿಯುವುದಿಲ್ಲವೆಂಬುದನ್ನು ನಾನೂ ಒಪ್ಪಿಕೊಂಡ ಹಾಗಾಗುತ್ತಿತ್ತು. ಅದಕ್ಕೆ ನನಗೆ ಧೈರ್ಯ ಬರಲಿಲ್ಲ.”

ಮಗಳು ನೀರನ್ನೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ, “ಎಷ್ಟು ಸಲ ಕೇಳಿದಳು?” ಎಂದಳು.

“ಎರಡು ಸಲ.”

“ಅಮ್ಮನಿಗೆ ನಾನು ಬೇಡವಾಗಿದ್ದೆ ಎಂದೇ ಆರು ವರ್ಷ ನಂಬಿದ್ದೆ.”

ನಾನು ಏನು ಹೇಳಲಿ? ನನ್ನೊಂದು ಅಧೈರ್ಯವನ್ನು ಮುಚ್ಚುವುದಕ್ಕೆ ಸತ್ತವಳ ಮಾತನ್ನು ಗೋಡೆಯಾಗಿ ಎಬ್ಬಿಸಿದ್ದೆನು. ಮಗಳು ತನ್ನನ್ನು ತಡೆದವನು ನಾನೆಂದು ಕೋಪಿಸಿಕೊಂಡಿದ್ದಾಳೆಂದು ತಿಳಿದಿದ್ದೆನೇ ಹೊರತು, ತಾಯಿಯ ಪ್ರೀತಿಯನ್ನೇ ಅವಳಿಂದ ಕಸಿದುಕೊಂಡಿದ್ದೇನೆಂದು ತಿಳಿದಿರಲಿಲ್ಲ. ಕ್ಷಮಿಸು ಎಂಬ ಮಾತು ಬಾಯವರೆಗೆ ಬಂತು. ಅದನ್ನು ಕೇಳುವುದೂ ನನ್ನ ಭಾರವನ್ನು ಅವಳ ಮೇಲೆ ಹೊರಿಸಿದಂತೆಯೇ ಎನ್ನಿಸಿ ಸುಮ್ಮನಾದೆನು.

ಕತಾನಿಯಕ್ಕೆ ಮರಳುವ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಆ ರಾತ್ರಿ ಅವಳ ಕೋಣೆಯ ದೀಪ ಆರಲಿಲ್ಲ. ಬೆಳಿಗ್ಗೆ ನಾನೆದ್ದು ಹೊರಕ್ಕೆ ಬಂದಾಗ, ಕಾಫಿಯನ್ನು ಮುಂದಿಟ್ಟು ಎದುರಿಗೆ ಕೂತಳು. ಕಣ್ಣು ಕೆಂಪಾಗಿತ್ತು. “ಅಮ್ಮನ ಕಡೆಯ ದಿನಗಳನ್ನು ಮೊದಲಿನಿಂದ ಹೇಳಿ. ಏನನ್ನೂ ಬಿಡಬೇಡಿ” ಎಂದಳು. ಹೇಳಿದೆನು. ಹೇಳಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ನಡುವೆ ಒಮ್ಮೆ ಅವಳಿಗೆ ಕೋಪ ಬಂದು ಎದ್ದುಹೋದಳು. ಮತ್ತೆ ಬಂದು ಕೂತಳು. ಕ್ಷಮಿಸಿದ್ದೇನೆಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ಆರು ವರ್ಷದ ಮೇಲೆ ನಾವಿಬ್ಬರೂ ಕೂಡಿ ಅವಳಿಗಾಗಿ ಅತ್ತದ್ದು ಆ ದಿನವೇ.

ಹೊರಡುವ ದಿನ ನಿಲ್ದಾಣದಲ್ಲಿ, “ಹಿತ್ತಿಲಲ್ಲಿ ಅಮ್ಮ ನೆಟ್ಟ ದಾಳಿಂಬೆ ಇನ್ನೂ ಇದೆಯೇ?” ಎಂದು ಕೇಳಿದಳು. ಇದೆ ಎಂದೆನು. “ಕಾಯಿ ಬಿಟ್ಟಾಗ ತಿಳಿಸಿ.” ಸ್ವಲ್ಪ ತಡೆದು, “ಈ ಸಲ ತಿಳಿಸಿ, ಅಪ್ಪ” ಎಂದಳು.

ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಆ ಗಿಡದ ಬುಡವನ್ನು ಬಿಡಿಸಿ ಪಾತಿ ಮಾಡಿದ್ದು. ಮಳೆಯಾದ ಮೇಲೆ ಹೂ ಬಂತು. ಮೊದಲನೆಯ ಹೂ ಕಾಯಿಗಟ್ಟಿದ ದಿನವೇ, ತಡಮಾಡದೆ, ಮಗಳಿಗೆ ತಿಳಿಸಿದೆನು.