ಭುಜ ಒಪ್ಪುವ ಕೋವಿ

ಕೋವಿ ಒದೆಯಬಾರದು. ನವೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ಒಂಬತ್ತು ದಿನಗಳ ಜಿಂಕೆ ಶಿಕಾರಿ ಹತ್ತಿರವಾದಂತೆ ಇಲ್ಲಿನ ಗೆಳೆಯರೆಲ್ಲ ತಮ್ಮ ತೋಟೆಯ ಜೋರನ್ನು ಹೊಗಳುತ್ತಾರೆ. ನಾನು ಮಾತ್ರ ಅದು ಭುಜಕ್ಕೆ ಎಷ್ಟು ಬಡಿಯುತ್ತದೆ ಎಂದು ಕೇಳುತ್ತೇನೆ. ಕೊಡಗಿನಲ್ಲಿ ಹುಟ್ಟಿದವನು ನಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅಲ್ಲಿ ಶಿಕಾರಿಯಿಲ್ಲ, ಆದರೆ ಕೈಲ್‌ಪೋಳ್ದ್‌ ಹಬ್ಬದಲ್ಲಿ ಕೋವಿಗೆ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಡುವುದು ಉಂಟು. ಒದೆತಕ್ಕೆ ಹೆದರುವವನನ್ನು ಅಲ್ಲೇ ಗುರುತಿಸಬಹುದು: ಈಡು ಹಾರುವ ಮೊದಲೇ ಅವನ ಕಣ್ಣು ಮುಚ್ಚಿರುತ್ತದೆ, ಭುಜ ಬಿಗಿದಿರುತ್ತದೆ, ಕಾಯಿ ಅಲುಗುವುದಿಲ್ಲ.

ಗುಂಡೂ ಮದ್ದಿನ ಅನಿಲವೂ ಮುಂದೆ ಹಾರಿದ ರಭಸಕ್ಕೆ ತಕ್ಕಂತೆ ಕೋವಿ ಹಿಂದೆ ಬರಲೇಬೇಕು. ಗುಂಡು ಹಗುರಾಗಿ, ಮದ್ದು ಕಡಿಮೆಯಾಗಿ, ಕೋವಿ ತೂಕವಾದಷ್ಟೂ ಒದೆತ ಇಳಿಯುತ್ತದೆ. ಗುಡ್ಡ ಹತ್ತುವವರಿಗೆಂದು ಮಾಡಿದ ಹಗುರ ರೈಫಲ್ ಅಂಗಡಿಯಲ್ಲಿ ಕೈಗೆ ಬಲು ಹಿತ. ಈಡು ಹೊಡೆದಾಗ ಗೊತ್ತಾಗುತ್ತದೆ. ದುರ್ಬೀನು ಸೇರಿ ಎಂಟು ಪೌಂಡಿನ ಆಸುಪಾಸು ಇರಲಿ ಎನ್ನುತ್ತೇನೆ. ಹಿಡಿ ತೋಳಿನ ಅಳತೆಗೆ ಹೊಂದಬೇಕು, ಅದರ ಹಿಂತುದಿಗೆ ಒಳ್ಳೆಯ ರಬ್ಬರ್ ಮೆತ್ತೆ ಬೇಕು. ನಳಿಗೆಯ ತುದಿಗೆ ಹಾಕುವ ಮಝಲ್ ಬ್ರೇಕ್ ಕೂಡ ಒದೆತ ತಗ್ಗಿಸುತ್ತದೆ, ಆದರೆ ಅದರ ಸದ್ದು ಪಕ್ಕದಲ್ಲಿರುವವರ ಕಿವಿಗೆ ಶಿಕ್ಷೆ. ನನಗದು ಬೇಡವೇ ಬೇಡ.

ನಿಜವಾದ ರುಚಿ ಇರುವುದು ತೋಟೆ ಆರಿಸುವುದರಲ್ಲಿ. 1955ರಲ್ಲಿ ಬಂದ .243 ವಿಂಚೆಸ್ಟರ್ ಎಂದರೆ .308ರದೇ ತೋಟೆ, ಕುತ್ತಿಗೆ ಮಾತ್ರ ಕಿರಿದು. 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ಗುಂಡು. ಜಿಂಕೆಗೆ ಧಾರಾಳ ಸಾಕು. 2007ರ 6.5 ಕ್ರೀಡ್‌ಮೂರ್ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಒಳ್ಳೆಯದೂ ಹೌದು.

ನನ್ನ ಮನಸ್ಸು ನಿಂತಿರುವುದು ಹಳೆಯ 6.5×55ರ ಮೇಲೆ. ಸ್ವೀಡನ್, ನಾರ್ವೆ ಎರಡೂ ಸೇರಿ 1890ರ ದಶಕದಲ್ಲಿ ತಮ್ಮ ಸೈನ್ಯಕ್ಕೆಂದು ರೂಪಿಸಿದ ತೋಟೆ ಇದು. 140 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2,600 ಅಡಿ ವೇಗದಲ್ಲಿ ಹೊರಡುತ್ತದೆ. ಇಂದಿನ ಲೆಕ್ಕದಲ್ಲಿ ಅದೇನೂ ದೊಡ್ಡ ವೇಗವಲ್ಲ. ಆದರೆ ಗುಂಡು ಸಪೂರ, ಉದ್ದ. ಹಾಗಾಗಿ ಆಳಕ್ಕೆ ಇಳಿಯುತ್ತದೆ. ಆಳೆತ್ತರದ ಮೂಸ್ ಪ್ರಾಣಿಯನ್ನು ಅಲ್ಲಿನವರು ತಲೆಮಾರುಗಳಿಂದ ಇದರಲ್ಲೇ ಹೊಡೆಯುತ್ತ ಬಂದಿದ್ದಾರೆ. ಅಷ್ಟಾಗಿಯೂ ಇದರ ಒದೆತ ಭುಜಕ್ಕೆ ಕೊಟ್ಟ ಮೃದುವಾದ ತಳ್ಳು, ಅಷ್ಟೆ. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೆಡವಿದ್ದೂ ಇಂಥದೇ ಸೌಮ್ಯ ಕೋವಿಯಿಂದ, .275 ರಿಗ್ಬಿಯಿಂದ.

ಜಿಂಕೆಯ ಪ್ರಾಣ ಬೇಗ ಹೋಗಬೇಕಾದರೆ ಗುಂಡು ಎರಡೂ ಶ್ವಾಸಕೋಶಗಳನ್ನು ಹಾಯಬೇಕು. ಹೊಟ್ಟೆಗೆ ಬಿದ್ದರೆ ತೋಟೆ ಎಷ್ಟೇ ಜೋರಿನದಾದರೂ ಆ ಪ್ರಾಣಿ ನರಳುತ್ತದೆ. ಅದಕ್ಕೇ ಗುರಿಗಟ್ಟುವ ದಿನಗಳಲ್ಲಿ ಜೊತೆಗಾರ ನನ್ನ ಕೋವಿಗೆ ಒಮ್ಮೆ ಮದ್ದಿಲ್ಲದ ಡಮ್ಮಿ ತೋಟೆ, ಒಮ್ಮೆ ನಿಜವಾದದ್ದು ತುಂಬಿಕೊಡುತ್ತಾನೆ. ಯಾವುದೆಂದು ಹೇಳುವುದಿಲ್ಲ. ಡಮ್ಮಿ ಬಂದಾಗಲೂ ನಳಿಗೆ ಮಿಸುಕದಿದ್ದರೆ ಆ ಕೋವಿ ನನಗೆ ಸರಿ.

ಈಗ ಮಗಳಿಗೊಂದು ನೋಡಬೇಕು. ಅವಳು .243 ಎನ್ನುತ್ತಿದ್ದಾಳೆ, ನಾನಿನ್ನೂ ಸ್ವೀಡನ್ನಿನ ತೋಟೆಯ ಪರವಾಗಿ ವಾದಿಸುತ್ತಲೇ ಇದ್ದೇನೆ.